ಪೈಪಿನ ಗೆರೆ, ಐರಿಷ್ ಗಂಟು

ನನ್ನ ಡ್ರಾಯಿಂಗ್ ಟೇಬಲ್ಲಿನ ಮೇಲೆ ಮೇಲಧಿಕಾರಿ ಬೂಟುಗಾಲು ಚಾಚಿ ಕೂತಿದ್ದ. ೧೯೬೭ರಲ್ಲಿ, ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ನಾನು ಕಂಡದ್ದು ಇದು. ಮೈಸೂರಿನ ಕಚೇರಿಯಲ್ಲಿ ಆಯುಧಪೂಜೆಯ ದಿನ ಇಂಥದ್ದೇ ಟೇಬಲ್ಲಿಗೆ ಕುಂಕುಮವಿಟ್ಟು ಕೈಮುಗಿಯುತ್ತಿದ್ದೆವು. ಅವನು ಕಾಲು ಇಳಿಸದೆಯೇ ಕಾಫಿ ಬೇಕೇ ಎಂದು ಕೇಳಿದ. ಬೇಡ ಎಂದೆ. ಅವನು ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸಿ ಕೆಲಸ ಶುರು ಮಾಡಿದೆ.

ಎಣ್ಣೆ ಕಾರ್ಖಾನೆಗಳ ಪೈಪುಗಳ ನಕ್ಷೆ ಬರೆಯುವುದು ನನ್ನ ಕೆಲಸ. ಎರಡು ಪೈಪು ಅಡ್ಡ ಹಾಯುವಲ್ಲಿ ಕೆಳಗಿನದರ ಗೆರೆಯನ್ನು ಸ್ವಲ್ಪ ತುಂಡರಿಸಬೇಕು; ಆಗ ಯಾವುದು ಮೇಲೆ, ಯಾವುದು ಕೆಳಗೆ ಎಂದು ನೋಡುವವನಿಗೆ ತಿಳಿಯುತ್ತದೆ. ಪಕ್ಕದ ಟೇಬಲ್ಲಿನ ಮೌರೀನ್ ಐರ್ಲೆಂಡಿನಿಂದ ಬಂದವಳು. ಒಂದು ದಿನ ನನ್ನ ನಕ್ಷೆ ನೋಡಿ, ತಮ್ಮೂರಿನ ಗೋರಿಕಲ್ಲುಗಳ ಮೇಲೆ ಇಂಥದ್ದೇ ಕೆತ್ತನೆಯಿದೆ ಎಂದಳು. ಮರುದಿನ ಫೋಟೋ ತಂದಳು. ಒಂದೇ ಹಗ್ಗ ಒಮ್ಮೆ ಮೇಲೆ, ಒಮ್ಮೆ ಕೆಳಗೆ ತನ್ನನ್ನೇ ದಾಟುತ್ತ, ಎಲ್ಲೂ ತುದಿಯಿಲ್ಲದೆ ಹೆಣೆದುಕೊಂಡಿತ್ತು. ಅದು ಐರಿಷರ ಪೂರ್ವಜರಾದ ಕೆಲ್ಟಿಕ್ ಜನರ ಕಲೆಯಂತೆ. ಅವರು ಅದನ್ನು 'ನಾಟ್' ಎನ್ನುತ್ತಾರೆ, ಅಂದರೆ ಗಂಟು. ಕೆಳಗೆ ನುಸುಳುವಲ್ಲೆಲ್ಲ ಗೆರೆ ತುಂಡಾಗಿತ್ತು. ನನ್ನ ಪೈಪಿನ ನಿಯಮವೇ.

ಅಂದಿನಿಂದ ಕೆಲಸ ಮುಗಿದ ಮೇಲೆ ಸ್ನಾನ, ಸಂಧ್ಯಾವಂದನೆ, ಊಟ, ಆಮೇಲೆ ಒಂದು ತಾಸು ಗಂಟು ಬರೆಯುವುದು. ಭಾನುವಾರವೂ ತಪ್ಪಿಸಲಿಲ್ಲ. ಕೆಲವು ವರ್ಷಗಳ ನಂತರ ಹೆಂಡತಿ ಶಾರದೆಗೆ ಸ್ಯಾನ್ ಡಿಯೇಗೋದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿ, ಅಲ್ಲಿನ ಯೂನಿವರ್ಸಿಟಿ ಸಿಟಿ ಬಡಾವಣೆಯ ಅಪಾರ್ಟ್‌ಮೆಂಟಿಗೆ ಬಂದೆವು. ನಾನು ನಕ್ಷೆ ಬಿಟ್ಟು ಪೂರ್ತಿ ಚಿತ್ರಕ್ಕಿಳಿದೆ. "ನೀವು ಪೈಪ್ ಬಿಟ್ರೂ ಪೈಪ್ ನಿಮ್ಮನ್ನ ಬಿಡ್ಲಿಲ್ಲ" ಎಂದಳು ಶಾರದೆ. ಆಳೆತ್ತರದ ಒಂದು ಗಂಟಿಗೆ ವರ್ಷವೇ ಹಿಡಿಯಿತು. ಈ ದೇಶದಲ್ಲಿ ನನ್ನದು ಎಂದು ತೋರಿಸಲು ನನ್ನಲ್ಲಿದ್ದದ್ದು ಅದೊಂದೇ.

ಸ್ಯಾನ್ ಡಿಯೇಗೋದಲ್ಲಿ ಐರಿಷ್ ಕಲೆಯ ಪ್ರದರ್ಶನ ನಡೆಯುವುದಿತ್ತು. ಚಿತ್ರದ ಫೋಟೋ ಕಳಿಸಿದೆ. ಮುಖ್ಯ ಗೋಡೆಗೆ ಹಾಕುತ್ತೇವೆ ಎಂದರು. ಚಿತ್ರ ಹೊತ್ತುಕೊಂಡು ಹೋದಾಗ ನನ್ನ ಮುಖ ನೋಡಿದರು. ಉದ್ಘಾಟನೆಯ ದಿನ ಅದು ಶೌಚಾಲಯದ ದಾರಿಯಲ್ಲಿ ನೇತಾಡುತ್ತಿತ್ತು. ಕೆಳಗೆ 'ಭಾರತೀಯ ಮಂಡಲ' ಎಂಬ ಚೀಟಿ. ಕೇಳಿದರೆ ವ್ಯವಸ್ಥಾಪಕಿ ಬಹಳ ಸಿಹಿಯಾಗಿ ನಿಮ್ಮ ದೇಶದ್ದೂ ದೊಡ್ಡ ಪರಂಪರೆಯಲ್ಲವೇ ಎಂದಳು. ಮುಂದಿನ ಸಲ ಆನೆ ಬರೆಯಿರಿ ಎಂದು ಸಲಹೆಯನ್ನೂ ಕೊಟ್ಟಳು. ಸಿಟ್ಟಿನಲ್ಲಿ ಚಿತ್ರ ಇಳಿಸಿಕೊಂಡು ಮನೆಗೆ ಬಂದೆ.

ಸಂಜೆಯೊಳಗೆ ಸುದ್ದಿ ನಮ್ಮವರಿಗೆಲ್ಲ ಮುಟ್ಟಿತ್ತು. ಕನ್ನಡಿಗರ ಕೂಟದ ಉಸ್ತುವಾರಿ ನೋಡುತ್ತಿದ್ದ ಬೆಂಗಳೂರಿನ ಡಾಕ್ಟರೊಬ್ಬರು ಫೋನ್ ಮಾಡಿದರು.

"ಬೇಜಾರ್ ಮಾಡ್ಕೋಬೇಡಿ ರಾಯರೇ. ಯುಗಾದಿ ಫಂಕ್ಷನ್‌ಗೆ ಕೊಡಿ, ಸ್ಟೇಜ್ ಹಿಂದೆ ರಂಗೋಲಿ ಅಂತ ಹಾಕ್ಬಿಡೋಣ."

"ಅದು ರಂಗೋಲಿ ಅಲ್ಲ ಡಾಕ್ಟ್ರೇ."

"ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲ."

ನಮ್ಮ ರಂಗೋಲಿಯಲ್ಲಿ ಗೆರೆ ಗೆರೆಯನ್ನು ದಾಟುತ್ತದೆ, ಅಷ್ಟೇ. ಒಂದರಡಿ ಇನ್ನೊಂದು ನುಸುಳುವುದಿಲ್ಲ. ದಿನಾ ಮನೆ ಮುಂದೆ ಅದನ್ನು ನೋಡುತ್ತ ಬೆಳೆದವರಿಗೂ ಇದು ಕಾಣಲಿಲ್ಲ. ಆ ಹೆಂಗಸಿನ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ನನಗೆ ಇವರ ಮೇಲೆ ಬಂತು.

ಮರುದಿನ ಪ್ರದರ್ಶನದ ಬಾಗಿಲೆದುರಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, ಚಿತ್ರವನ್ನು ಅದಕ್ಕೆ ಒರಗಿಸಿದೆ. 'ಕೆಲ್ಟಿಕ್ ಗಂಟು, ಬರೆದವರು ಮೈಸೂರಿನ ರಾವ್' ಎಂದು ಇಂಗ್ಲಿಷಿನಲ್ಲಿ ಹಲಗೆ ಬರೆದಿಟ್ಟು, ಮಡಿಸುವ ಕುರ್ಚಿ ಹಾಕಿಕೊಂಡು ಕೂತೆ.

"ಏನ್ರೀ ಇದು, ಸಂತೇಲಿ ತರಕಾರಿ ಮಾರೋರ ಥರ" ಎಂದಳು ಶಾರದೆ. ಅನ್ನುತ್ತಲೇ ಇನ್ನೊಂದು ಕುರ್ಚಿ ಬಿಡಿಸಿದಳು.

ಒಳಗೆ ಹೊರಟಿದ್ದ ಐರಿಷ್ ಮುದುಕನೊಬ್ಬ ನಿಂತ. ಬಗ್ಗಿ, ಬೆರಳನ್ನು ತುಸು ದೂರದಲ್ಲೇ ಆಡಿಸುತ್ತ, ಗೆರೆ ಶುರುವಾದಲ್ಲಿಗೇ ಮರಳುವವರೆಗೂ ಅದನ್ನು ಹಿಂಬಾಲಿಸಿದ. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ. ಗ್ಲೆಂಡೇಲಿನಲ್ಲಿ ಎಂದೆ. ತಮಾಷೆಯೆಂದುಕೊಂಡು ನಕ್ಕ. ನಾನು ನಗಲಿಲ್ಲ. ಮೈಸೂರು ಎಂದರೆ ಸುಳ್ಳು. ಐರ್ಲೆಂಡನ್ನು ನಾನು ನೋಡಿಯೇ ಇಲ್ಲ. ಅವನು ನಿಜ ಹೇಳು ಎಂದು ಮತ್ತೆ ಕೇಳಿದ. ನಾನು ಅದನ್ನೇ ಹೇಳಿದೆ, ಈ ಸಲ ಬಾಗಿಲ ಒಳಗಿದ್ದವರಿಗೂ ಕೇಳುವ ಹಾಗೆ.