ಸದಾ ಚಿಕ್ಕಪ್ಪನ ಬಸಳೆ ಚಪ್ಪರ

ಮಳೆ ಹಿಡಿದ ಒಂದು ಸಂಜೆ ಮಲಾಡ್ ಸ್ಟೇಶನ್ನಿನ ಮೆಟ್ಟಿಲಿಳಿದು ಜನರ ನೂಕಿನಲ್ಲೇ ಹೊರಗೆ ಬಂದಾಗ, ಪ್ಲಾಸ್ಟಿಕ್ ಹಾಳೆಯ ಕೆಳಗೆ ಕುಳಿತಿದ್ದ ಹೆಂಗಸೊಬ್ಬಳ ಬುಟ್ಟಿಯಿಂದ ಹಸಿಹಸಿಯಾದ ಒಗರು ವಾಸನೆಯೊಂದು ಬಂತು. ನೋಡದೆಯೇ ಗೊತ್ತಾಯಿತು, ತಜಂಕ್. ಇಲ್ಲಿಯವರು ಟಾಕಳಾ ಎನ್ನುವ, ಮೊದಲ ಮಳೆಗೆ ಕಾಡಿನಂಚಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು. ಆಫೀಸಿನ ಚೀಲ, ಒದ್ದೆ ಕೊಡೆ, ನೋಯುವ ಸೊಂಟ ಎಲ್ಲವನ್ನೂ ಹೊತ್ತುಕೊಂಡು ಆ ಬುಟ್ಟಿಯ ಮುಂದೆ ಸುಮ್ಮನೆ ನಿಂತೆ. ಕೊಳ್ಳಲಿಲ್ಲ. ಮನೆಗೆ ಹೋಗಿ ಅದನ್ನು ಬಿಡಿಸಿ, ತೊಳೆದು, ಹೆಚ್ಚುವ ತ್ರಾಣ ನನ್ನಲ್ಲಿರಲಿಲ್ಲ. ಆದರೂ ಆ ವಾಸನೆ ರಿಕ್ಷಾದಲ್ಲಿ ನನ್ನ ಜೊತೆಗೇ ಬಂತು, ಸದಾ ಚಿಕ್ಕಪ್ಪನನ್ನು ಕರೆದುಕೊಂಡು.

ನಾನು ಚಿಕ್ಕವಳಿದ್ದಾಗ ಸಯನ್‌ನಲ್ಲಿ ನಮ್ಮದು ಹಳೆಯ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನ ಎರಡು ಕೋಣೆಯ ಮನೆ. ಅಪ್ಪ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ, ಅಮ್ಮ ಶಾಲೆಯಲ್ಲಿ ಟೀಚರ್. ಅಪ್ಪನ ತಮ್ಮ ಸದಾನಂದ ಬೇರೊಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ವಡೆಯ ಬಾಣಲೆ ಮಗುಚಿ ಬಲಗೈಯ ಮೇಲೆ ಕಾದ ಎಣ್ಣೆ ಬಿದ್ದು, ಬೆರಳು ಮಡಚಲಾರದಂತಾಗಿ ನಮ್ಮ ಮನೆಗೆ ಬಂದು ಉಳಿದ. ನನಗಾಗ ಐದು ವರ್ಷ. ಕಾಮಾಲೆ ಬಂದು ಹೋಗಿತ್ತು, ಶಾಲೆ ಬಿಡಿಸಿದ್ದರು. ಗಂಜಿಯ ಎರಡು ಚಮಚ ಬಿಟ್ಟರೆ ಏನನ್ನೂ ನುಂಗುತ್ತಿರಲಿಲ್ಲ. ಅಮ್ಮ ತಟ್ಟೆ ಹಿಡಿದು ಬೇಡಿ, ಗದರಿಸಿ, ಕೊನೆಗೆ ತಾನೂ ಉಣ್ಣದೆ ಶಾಲೆಗೆ ಓಡುತ್ತಿದ್ದಳು. ಹಗಲಿಡೀ ಮನೆಯಲ್ಲಿ ಉಳಿಯುತ್ತಿದ್ದವರು ಕೆಲಸಕ್ಕೆ ಬಾರದ ನಾವಿಬ್ಬರೇ.

ಬಿಲ್ಡಿಂಗಿನ ಹಿಂದೆ ನೀರಿನ ಟಾಂಕಿಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಮಾರಗಲದ ಜಾಗವಿತ್ತು. ಒಡೆದ ಹೆಂಚು, ಹರಿದ ಚಪ್ಪಲಿ, ಕಾಗೆ ತಂದು ಹಾಕಿದ ಎಲುಬು. ಚಿಕ್ಕಪ್ಪ ಎಡಗೈಯಲ್ಲೇ ಅದನ್ನೆಲ್ಲ ಬಾಚಿ ಮಣ್ಣು ಕೆದಕಿದ. ಬಳ್ಳಿ ಕಟ್ಟಲು ಎರಡು ಕೈ ಬೇಕಾದಾಗ ನನ್ನನ್ನು ಕರೆದ. "ನಿನ್ನ ಕೈ ಸ್ವಲ್ಪ ಕೊಡು ಮಗಾ. ನನ್ನದು ಈಗ ರಜೆಯಲ್ಲಿ ಉಂಟು." ಬಿದಿರಿನ ತುಂಡುಗಳನ್ನು ನಾನು ಹಿಡಿದೆ, ಅವನು ಹಲ್ಲಿನಿಂದ ಎಳೆದು ಗಂಟು ಹಾಕಿದ. ಹೀಗೆ ಬಸಳೆಗೆ ಚಪ್ಪರವಾಯಿತು. ಹರಿವೆಯ ಬೀಜ ನನ್ನ ಅಂಗೈಯಲ್ಲಿ ಕರಿ ಮರಳಿನಂತೆ ಅಂಟಿಕೊಂಡಿದ್ದನ್ನು ಉಫ್ ಎಂದು ಊದಿ ಬಿತ್ತಿದೆವು. ತುಪ್ಪದ ಹಳೆಯ ಡಬ್ಬಿಯಲ್ಲಿ ಒಂದೆಲಗ ಹಬ್ಬಿತು. ಅವನು ನನಗೆ ಒಮ್ಮೆಯೂ ತಿನ್ನು ಎನ್ನಲಿಲ್ಲ. ತಾನೇ ಒಂದು ಎಲೆ ಚಿವುಟಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಜಗಿಯುತ್ತಿದ್ದ, ಅಷ್ಟೇ. ಒಂದು ಮಧ್ಯಾಹ್ನ ಹರಿವೆಯ ಸಾರು ನನ್ನ ಅನ್ನವನ್ನೆಲ್ಲ ಕೆಂಪು ಮಾಡಿದಾಗ ನಾನು ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡೆ. ಶಾಲೆಯಿಂದ ಬಂದ ಅಮ್ಮ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ನೋಡಿದಳು. "ಮಾತಾಡಿಸಬೇಡಿ ಅತ್ತಿಗೆ," ಎಂದ ಚಿಕ್ಕಪ್ಪ ಮೆಲ್ಲಗೆ, "ನೋಡಿದ್ರೆ ನಿಲ್ಲಿಸ್ತದೆ ಹುಡುಗಿ."

ನನ್ನ ಕಾಲಿಗೆ ಬಲ ಬಂದ ಮೇಲೆ ತಿರುಗಾಟ ಶುರುವಾಯಿತು. ಮಳೆ ಬಿಟ್ಟ ಬೆಳಗ್ಗೆ ಲೋಕಲ್ ಹಿಡಿದು ಬೊರಿವಲಿಗೆ ಹೋಗಿ ಕಾಡಿನಂಚಿನ ರಸ್ತೆಬದಿಯಲ್ಲಿ ತಜಂಕ್ ಚಿವುಟುತ್ತಿದ್ದೆವು. ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ಬೆರಳಿಗೇ ತಿಳಿಯುತ್ತಿತ್ತು. ಮನೆಗೆ ಬಂದು ಅದಕ್ಕೆ ಹಲಸಿನ ಬೀಜ ಸೇರಿಸಿ ಪಲ್ಯ. ಚಳಿಗಾಲದಲ್ಲಿ ಹಸಿ ಕಡಲೆಯ ಗಿಡದ ಕಟ್ಟು ಹಿಡಿದು ಸಯನ್ ಕೋಟೆಯ ಮೇಲೆ ಕುಳಿತು ಸುಲಿದು ತಿನ್ನುವುದು, ಕೆಳಗೆ ಹೋಗುವ ರೈಲು ನೋಡುವುದು. ಮೇ ತಿಂಗಳಲ್ಲಿ ಎಲೆಯ ದೊನ್ನೆಯಲ್ಲಿ ಮಾರುವ ಕರವಂದ ಎಂಬ ಕವಳಿ ಹಣ್ಣು, ಹಲ್ಲಿಗೆಲ್ಲ ಅಂಟು. ಋತುವೆಂಬುದು ಈ ಊರಲ್ಲೂ ಇದೆ ಎಂದು ನನಗೆ ತಿಳಿದದ್ದು ನಾಲಗೆಯಿಂದ. ನಿಮಗೂ ಹಾಗೆ ಕೈ ಹಿಡಿದು ತಿರುಗಿಸಿದವರು ಒಬ್ಬರಿದ್ದಿರಬಹುದು.

ಮರುವರ್ಷದ ಮಳೆಗಾಲದಲ್ಲಿ ನನಗೆ ಮಲೇರಿಯಾ ಬಂತು. ಆಸ್ಪತ್ರೆಗೆ ಸೇರಿಸಿದರು. ಜ್ವರದ ಅಮಲಿನಲ್ಲಿ ನಾನು ಚಿಕ್ಕಪ್ಪನನ್ನು ಗುರುತಿಸಲಿಲ್ಲವಂತೆ. ಅದೇ ವಾರ ಮೇಲಿನ ಮನೆಯವರು ಅಪ್ಪನನ್ನು ತಡೆದು, "ಮಚ್ಛರ್ ತೋ ಆಪ್ ಕೇ ಬಗೀಚೇ ಸೇ ಹೀ ಆತಾ ಹೈ," ಸೊಳ್ಳೆ ಬರುವುದೇ ನಮ್ಮ ತೋಟದಿಂದ, ಎಂದು ದೂರಿದರಂತೆ. ಟಾಂಕಿಯ ಮುಚ್ಚಳವೇ ಒಡೆದು ವರ್ಷವಾಗಿತ್ತು, ಗಟಾರದಲ್ಲಿ ನೀರು ನಿಂತಿತ್ತು. ಚಿಕ್ಕಪ್ಪ ಅದೊಂದನ್ನೂ ಎತ್ತಿ ಆಡಲಿಲ್ಲ. ಆಸ್ಪತ್ರೆಯಿಂದ ನೇರ ಬಿಲ್ಡಿಂಗಿನ ಹಿಂದಕ್ಕೆ ಹೋಗಿ ಚಪ್ಪರ ಎಳೆದು ಕೆಡವಿದ. ಅಮ್ಮ ಓಡಿಬಂದು ತಡೆದಳು.

"ಬೇಡ ಸದಾ, ಗಿಡಕ್ಕೆ ನೀರು ತುಂಬಿಸಿಟ್ಟ ಡ್ರಮ್ ಒಂದು ತೆಗೆದ್ರೆ ಸಾಕಲ್ವಾ?"

"ಇರ್ಲಿ ಅತ್ತಿಗೆ. ಅವಳಿಗೆ ಏನಾದ್ರೂ ಆದ್ರೆ ಮತ್ತೆ ಆ ಸೊಪ್ಪಿನ ಮುಖ ನಾನು ಹೇಗೆ ನೋಡುದು?"

ಗುಣವಾಗಿ ಮನೆಗೆ ಬಂದ ನಾನು ಮೊದಲು ಓಡಿದ್ದು ಹಿಂದಕ್ಕೆ. ಬರೀ ಕೆಸರು. ಒಂದೆಲಗದ ಡಬ್ಬಿಯನ್ನೂ ಬಿಟ್ಟಿರಲಿಲ್ಲ. ಅತ್ತು ಅತ್ತು ಚಿಕ್ಕಪ್ಪನ ಎದೆಗೆ ಗುದ್ದಿದೆ. ಅವನು ತಪ್ಪಿಸಿಕೊಳ್ಳಲಿಲ್ಲ. "ಬಸಳೆ ಪುನಃ ಬರ್ತದೆ ಮಾರಾಯ್ತಿ. ನಿನ್ನನ್ನು ಎಲ್ಲಿಂದ ತರುದು?" ಎಂದ. ಬಸಳೆ ಬರಲಿಲ್ಲ. ಸ್ಕೂಟರ್ ನಿಲ್ಲಿಸಲು ಅಲ್ಲಿ ಸಿಮೆಂಟು ಹಾಕಿದರು. ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ಸೌಟು ಹಿಡಿಯಲಾರದ ಚಿಕ್ಕಪ್ಪನಿಗೆ ಜೋಗೇಶ್ವರಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೇಲ್ವಿಚಾರಣೆಯ ಕೆಲಸ ಸಿಕ್ಕಿ, ಅಲ್ಲೇ ಒಂಟಿ ಕೋಣೆಯ ಖೋಲಿಯೊಂದನ್ನು ಮಾಡಿಕೊಂಡ. ಮೊದಮೊದಲು ಪ್ರತಿ ಭಾನುವಾರ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ. ಮದುವೆಯಾಗಲಿಲ್ಲ. ನನಗೆ ಕಾಲೇಜು, ನೌಕರಿ, ಮದುವೆ, ಮಲಾಡ್. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದರು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಈಗ ಅಲ್ಲಿ ನಿಂತಿರುವ ಟವರಿನ ಕೆಳಗೆ ನಮ್ಮ ಮನೆ ಎಲ್ಲಿತ್ತೆಂದು ಬೆರಳು ಮಾಡಿ ತೋರಿಸಲೂ ನನಗಾಗುವುದಿಲ್ಲ.

ಚಿಕ್ಕಪ್ಪನನ್ನು ಕೊನೆಯ ಬಾರಿ ನೋಡಿದ್ದು ಮಗಳು ಇರಾಳನ್ನು ಕರೆದುಕೊಂಡು ಅವನ ಖೋಲಿಗೆ ಹೋದ ಒಂದು ಭಾನುವಾರ. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಇಷ್ಟು ಬಾಡಿದ್ದೀಯಲ್ಲಾ. ನಿನ್ನ ಊಟ ಆಯ್ತಾ, ನಿದ್ದೆ ಆಯ್ತಾ ಅಂತ ಯಾರೂ ಕೇಳುದಿಲ್ವಾ ಮಗಾ?" ಎಂದ. ಅವನು ಚಾಪೆ ಬಿಡಿಸಿ, ದಿಂಬು ತಟ್ಟಿ ಇಟ್ಟ. "ಇಲ್ಲೇ ಸ್ವಲ್ಪ ಬಿದ್ಕೋ. ಇವಳನ್ನು ನಾನು ನೋಡಿಕೊಳ್ತೇನೆ."

"ಅಜ್ಜ, ಹಮ್ ಕಹಾಂ ಜಾಯೇಂಗೇ?" ಎಲ್ಲಿಗೆ ಹೋಗುವುದೆಂದು ಕೇಳಿದಳು ಇರಾ. "ಘೂಮ್‌ನೇ," ಸುತ್ತಾಡಲಿಕ್ಕೆ, ಎಂದು ಅವನು ಚಪ್ಪಲಿ ಮೆಟ್ಟಿದ.

ಅವರ ಮಾತು ಗಲ್ಲಿಯ ಕೊನೆ ಮುಟ್ಟುವುದರೊಳಗೆ ನನಗೆ ನಿದ್ದೆ ಹತ್ತಿತ್ತು. ಎಚ್ಚರವಾದಾಗ ಕಿಟಕಿಯ ಬಿಸಿಲು ಹೋಗಿತ್ತು. ಅವರು ಯಾವಾಗಲೋ ಬಂದಿದ್ದರು. ನಾನೇಳಬಾರದೆಂದು ಇಬ್ಬರೂ ಹೊಸ್ತಿಲಲ್ಲಿ ಬೆನ್ನು ಹಾಕಿ ಕುಳಿತು, ಒಂದೇ ಪೇರಳೆಯನ್ನು ಸದ್ದಾಗದಂತೆ ಕಚ್ಚಿ ಕಚ್ಚಿ ತಿನ್ನುತ್ತಿದ್ದರು. ನಾನು ಕೂಡಲೇ ಕರೆಯಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ಚಿಕ್ಕಪ್ಪ ತೀರಿಕೊಂಡ. ಆಮೇಲೂ ಎಷ್ಟೋ ಭಾನುವಾರದ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಿದ್ದೇನೆ. ನಿದ್ದೆಯೇನೋ ಬರುತ್ತದೆ, ದಣಿವು ಹೋಗುವುದಿಲ್ಲ.