ನಿಂತ ವಿಮಾನಕ್ಕೆ ಗಾಳಿ ಕೊಟ್ಟವರು

ನಮ್ಮ ಅಕ್ಕನ ಗಂಡ ಇಪ್ಪತ್ತೆರಡು ವರ್ಷ ವಿಮಾನಗಳಿಗೆ ಗಾಳಿ ಕೊಟ್ಟರು. ಮದುವೆಯ ಮಾತುಕತೆಯಲ್ಲಿ ಈ ವಿಷಯ ಬಂದಾಗ ನಮ್ಮಪ್ಪ, "ಅಂದ್ರೆ ಚಕ್ರಕ್ಕೆ ಗಾಳಿ ಹೊಡೆಯೋದಾ?" ಅಂತ ಕೇಳಿದ್ದರು. ಭಾವ ನಗದೆ, "ಇಲ್ಲ, ಒಳಗೆ ಕೂತೋರಿಗೆ," ಅಂದಿದ್ದರು. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಕೆಲಸ ಖಾಯಂ ಅಂತ ಗೊತ್ತಾದ ಮೇಲೆ ಒಪ್ಪಿಕೊಂಡರು.

ವಿಷಯ ಇಷ್ಟೇ. ಎಂಜಿನ್ ಓಡುತ್ತಿರುವಾಗ ವಿಮಾನ ತನ್ನ ಗಾಳಿಯನ್ನು ತಾನೇ ನೋಡಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿ ನೆಲದ ಮೇಲೆ ನಿಂತರೆ ಅದೊಂದು ಮುಚ್ಚಿದ ಡಬ್ಬಿ. ಅಂಥ ಹೊತ್ತಿಗೆಂದೇ ಬಾಲದಲ್ಲಿ ಒಂದು ಪುಟ್ಟ ಎಂಜಿನ್ ಇರುತ್ತದೆ. ಅದು ಕೆಟ್ಟಿದ್ದರೆ, ಇಲ್ಲವೇ ಅದನ್ನು ಓಡಿಸಿ ಎಣ್ಣೆ ಸುಡುವುದು ಬೇಡ ಅನ್ನಿಸಿದರೆ, ತಣ್ಣನೆ ಗಾಳಿ ಹೊರಗಿನಿಂದ ಹೋಗಬೇಕು. ಭಾವ ಲಾರಿಯಷ್ಟು ದೊಡ್ಡ ಯಂತ್ರವನ್ನು ಪಕ್ಕಕ್ಕೆ ತಂದು, ಎರಡು ಕೈಯಲ್ಲಿ ಅಪ್ಪಿ ಹಿಡಿಯಬೇಕಾದಷ್ಟು ದಪ್ಪದ ಹಳದಿ ಪೈಪನ್ನು ಎಳೆದು, ವಿಮಾನದ ಹೊಟ್ಟೆಯಡಿ ಇರುವ ತೂತಿಗೆ ಕೊಂಡಿ ಹಾಕಿ ಸಿಕ್ಕಿಸುತ್ತಿದ್ದರು. ಬಾಗಿಲು ಮುಚ್ಚಿ ವಿಮಾನ ಹೊರಡುವವರೆಗೂ ಅಲ್ಲೇ ನಿಲ್ಲಬೇಕು. ದಿನಕ್ಕೆ ಹತ್ತು, ಹನ್ನೆರಡು ವಿಮಾನ.

ಬೆನ್ನಿಗೆ ಯಂತ್ರದ ಬಿಸಿ ಹೊಗೆ, ಪಾದಕ್ಕೆ ಕಾದ ಕಾಂಕ್ರೀಟು, ಎದೆಗೆ ಮಂಜಿನಂಥ ಪೈಪು. ಸದ್ದಿಗೆ ಕಿವಿ ಮಂದವಾಯಿತು. ಅಕ್ಕ ಮನೆಯಲ್ಲಿ ಕೂಗಿ ಮಾತಾಡಿ ಮಾತಾಡಿ ಅದೇ ಅಭ್ಯಾಸವಾಗಿ, ಮೇಲಿನ ಮನೆಯವರು ಇವರದು ದಿನಾ ಜಗಳ ಅಂದುಕೊಂಡಿದ್ದರು. ಜೊತೆಯವರು ಭಾವನನ್ನು ಗಾಳಿಯಣ್ಣ ಅಂತ ಕರೆಯುತ್ತಿದ್ದರು. "ತಣ್ಣೀರು ಎರಚೋರು ಎಲ್ಲಾ ಆಫೀಸಲ್ಲೂ ಇರ್ತಾರೆ. ತಂಗಾಳಿ ಎರಚೋನು ನಾನೊಬ್ಬನೇ," ಅಂತ ಅವರೇ ಒಮ್ಮೊಮ್ಮೆ ಹೇಳುತ್ತಿದ್ದರು. ಮೊದಮೊದಲು ನಗುತ್ತಾ ಹೇಳುತ್ತಿದ್ದರು. ಆಮೇಲೆ ಬರೀ ಹೇಳುತ್ತಿದ್ದರು.

ಅವರಿಗೆ ನಲವತ್ತೊಂಬತ್ತು ತುಂಬಿದ ವರ್ಷದ ಬೇಸಿಗೆಯಲ್ಲಿ ನಡೆದದ್ದು ಇದು. ಮಧ್ಯಾಹ್ನ ಒಂದೂಕಾಲು. ನೂರರವತ್ತು ಜನ ಹತ್ತಿ ಕೂತು, ಬಾಗಿಲು ಹಾಕಿ, ಏಣಿಯನ್ನು ಬೇರೆ ವಿಮಾನಕ್ಕೆ ಎಳೆದುಕೊಂಡು ಹೋಗಿ ಆಗಿತ್ತು. ಅಷ್ಟರಲ್ಲಿ ಆಗತಾನೇ ಇಳಿದ ಇನ್ನೊಂದು ವಿಮಾನದ ಟೈರು ಒಡೆದು, ಅದು ರನ್‌ವೇ ನಡುವೆಯೇ ಕೂತುಬಿಟ್ಟಿತು. ಯಾವುದೂ ಹಾರುವಂತಿಲ್ಲ, ಹೊರಡುವ ಅನುಮತಿ ಸಿಗದೆ ದೊಡ್ಡ ಎಂಜಿನ್ ಶುರು ಮಾಡುವಂತೆಯೂ ಇಲ್ಲ. ಈ ವಿಮಾನದ ಬಾಲದ ಎಂಜಿನ್ ಮೊದಲೇ ಕೆಟ್ಟಿತ್ತು. ಒಳಗಿನವರ ಉಸಿರಿಗೆಲ್ಲ ಭಾವನ ಪೈಪೊಂದೇ ದಿಕ್ಕು.

ಇಪ್ಪತ್ತು ನಿಮಿಷಕ್ಕೆ ಪೈಪಿನ ಕೊಂಡಿ ಮುರಿಯಿತು. ಪೈಪು ಕಳಚಿ ನೆಲಕ್ಕೆ ಬಿದ್ದು ಒದ್ದಾಡಿತು. ಭಾವ ಕೈಯಲ್ಲಿದ್ದ ವಾಕಿಟಾಕಿಯಲ್ಲಿ ಸೂಪರ್‌ವೈಸರ್‌ನನ್ನು ಕರೆದರು.

"ಬೇರೆ ಕೊಂಡಿ ಕಳಿಸಿ."

"ಸ್ಟೋರಿನ ಬೀಗದ ಕೈ ಇರೋನು ಊಟಕ್ಕೆ ಹೋಗಿದಾನೆ. ಹತ್ತು ನಿಮಿಷ."

ವಿಮಾನದ ಮೂಗಿನ ಹತ್ತಿರ ಹೆಡ್‌ಫೋನ್ ಹಾಕಿಕೊಂಡು ಪೈಲಟ್ ಜೊತೆ ಮಾತಾಡುತ್ತಿದ್ದ ಎಂಜಿನಿಯರ್, ಭಾವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ತಿರುಗಿ ಕೂಗಿದ. "ಅಣ್ಣ, ಒಳಗೆ ಆಗಲೇ ಮೂವತ್ತಮೂರು ಡಿಗ್ರಿ ಆಗಿದೆಯಂತೆ."

ಭಾವ ಪೈಪಿನ ಬಾಯನ್ನು ಎತ್ತಿ ತೂತಿಗೆ ಒತ್ತಿದರು. ಗಾಳಿಯ ರಭಸ ಅದನ್ನು ಹಿಂದಕ್ಕೆ ನೂಕುತ್ತಿತ್ತು. ಕೈ ಸಾಲದೆ ಬಲ ಭುಜ ಕೊಟ್ಟರು. ಹತ್ತು ನಿಮಿಷ ಅಂದದ್ದು ಇಪ್ಪತ್ತಾಯಿತು. ಕೊಂಡಿಯೇನೋ ಬಂತು, ಅಳತೆ ಬೇರೆ. ತಂದವನು ವಾಪಸ್ ಹೋದ. ರನ್‌ವೇ ಕಡೆಯಿಂದಲೂ ಅದೇ ಮಾತು, ಹತ್ತು ನಿಮಿಷ. ಜನರನ್ನು ಇಳಿಸೋಣವೆಂದರೆ ಏಣಿ ಇಲ್ಲ. ಏಣಿ ಬರುವುದಕ್ಕೂ ಹತ್ತೇ ನಿಮಿಷ.

"ಒಳಗೆ ಒಬ್ಬರು ಅಜ್ಜನಿಗೆ ತಲೆ ಸುತ್ತು ಬಂದು ಆಕ್ಸಿಜನ್ ಹಾಕಿದಾರಂತೆ," ಎಂಜಿನಿಯರ್ ಕೂಗಿ ಹೇಳಿದ. "ಅಣ್ಣ, ಕೈ ಬಿಡಬೇಡಿ."

"ನೀನು ಸ್ವಲ್ಪ ಹಿಡೀತೀಯಾ?"

"ಈ ಹೆಡ್‌ಫೋನ್ ತೆಗೆಯೋ ಹಾಗಿಲ್ಲ ಅಣ್ಣ."

ಅದೂ ನಿಜವೇ. ಪೈಲಟ್ ಜೊತೆಗಿನ ಮಾತು ತಪ್ಪಬಾರದು. ಭಾವ ಇನ್ನೊಮ್ಮೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಭುಜ ತಮ್ಮದೇ ಅಲ್ಲ ಅನ್ನಿಸಿತಂತೆ, ಅಷ್ಟು ಮರಗಟ್ಟಿತ್ತು. ಕಣ್ಣಿಗೆ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಒಮ್ಮೆ ತಲೆಯೆತ್ತಿ ಕಿಟಕಿಗಳ ಕಡೆ ನೋಡಿದರು. ಬಿಸಿಲು ಒಳಗೆ ಬಾರದಿರಲಿ ಅಂತ ಎಲ್ಲ ಕಿಟಕಿಯ ಪರದೆಯನ್ನೂ ಇಳಿಸಿದ್ದರು. ಸಾಲಾಗಿ ಬಿಳಿ ಬಿಳಿ, ಅಷ್ಟೇ. "ಮೂವತ್ತೊಂದಕ್ಕೆ ಇಳೀತು," ಅಂತ ಎಂಜಿನಿಯರ್ ಅಂದ.

ಒಟ್ಟು ಒಂದು ಗಂಟೆ ಹತ್ತು ನಿಮಿಷ ಹಾಗೇ ನಿಂತರು. ರನ್‌ವೇ ತೆರೆಯಿತು, ಎಂಜಿನ್ ಶುರುವಾಯಿತು, ಪೈಪು ಬೇಡವಾಯಿತು. ವಿಮಾನ ಹೋಯಿತು. ಸರಿಯಾದ ಕೊಂಡಿ ಹಿಡಿದುಕೊಂಡು ಸ್ಟೋರಿನವನು ಬಂದಾಗ ಭಾವ ಯಂತ್ರದ ನೆರಳಲ್ಲಿ ಕೂತಿದ್ದರು. ಊಟದ ಡಬ್ಬಿ ತೆರೆಯಲು ಬಲಗೈ ಏಳಲಿಲ್ಲವಂತೆ. ಡಬ್ಬಿಯನ್ನು ಹಾಗೇ ಮನೆಗೆ ತಂದರು.

ಹತ್ತು ದಿನದ ಮೇಲೆ ಆಫೀಸಿನಿಂದ ಒಂದು ಕಾಗದ ಬಂತು. ಒಬ್ಬ ಪ್ರಯಾಣಿಕ ದೂರು ಕೊಟ್ಟಿದ್ದ: ವಿಮಾನದೊಳಗೆ ಒಲೆಯಲ್ಲಿ ಕೂತ ಹಾಗಿತ್ತು, ಗಾಳಿಯೇ ಇರಲಿಲ್ಲ. ಪೈಪು ಯಾಕೆ ಕಳಚಿತು ಎಂದು ಭಾವ ಮೂರು ದಿನದಲ್ಲಿ ಬರೆದು ತಿಳಿಸಬೇಕಿತ್ತು. ಪೆನ್ನು ಹಿಡಿಯಲು ಆಗದೆ ನನ್ನನ್ನು ಕರೆದರು. ನಾನು ಶಾಲೆಯಲ್ಲಿ ಗುಮಾಸ್ತ. ಬರೆಯುವುದು ನನಗೆ ಗೊತ್ತು.

"ಆ ಕೊಂಡಿ ಸವೆದಿದೆ ಅಂತ ನೀವು ಮೊದಲೇ ಹೇಳಿದ್ರಾ?" ದನಿ ಏರಿಸಿ ಕೇಳಿದೆ.

"ಎರಡು ಸಲ."

"ಹಾಗಾದ್ರೆ ಅದನ್ನ ಬರೀತೀನಿ. ಭುಜ ಕೊಟ್ಟು ನಿಂತಿದ್ದನ್ನೂ ಬರೀತೀನಿ. ಅಜ್ಜನ ವಿಷಯಾನೂ."

"ಬೇಡ. ಕೊಂಡಿ ಮುರೀತು, ಕೈಯಲ್ಲಿ ಹಿಡ್ಕೊಂಡೆ ಅಂತ ಬರಿ, ಸಾಕು."

ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. "ರೀ, ಇದ್ದದ್ದು ಇದ್ದ ಹಾಗೆ ಬರೆಸೋಕೆ ಏನು ರೋಗ ನಿಮಗೆ?"

"ಬರೆದ್ರೆ ವಿಚಾರಣೆಗೆ ಕರೀತಾರೆ ಕಣೇ. ನಿಂತ್ಕೊಂಡು ಇನ್ನೊಂದ್ಸಲ ಹೇಳ್ಬೇಕು. ನನ್ನ ಕೈಲಾಗಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ. ನಾನು ಕೊಂಡಿ ಸವೆದಿದ್ದ ಮಾತನ್ನು ಮಾತ್ರ ಹಟ ಹಿಡಿದು ಸೇರಿಸಿದೆ. ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಸಹಿ ಹಾಕಿದರು.

ಶಿಕ್ಷೆಯೂ ಆಗಲಿಲ್ಲ, ಶಹಬ್ಬಾಸ್ ಕೂಡ ಸಿಗಲಿಲ್ಲ. ಎಲ್ಲ ಯಂತ್ರಗಳಿಗೂ ಹೊಸ ಕೊಂಡಿ ಬಂತು. ದೂರು ಕೊಟ್ಟವನಿಗೆ ಕ್ಷಮೆ ಕೇಳಿ ಪತ್ರ ಹೋಯಿತಂತೆ. ಭಾವನ ಭುಜ ಪೂರ್ತಿ ಸರಿಹೋಗಲೇ ಇಲ್ಲ. ಮುಂದಿನ ವರ್ಷ ಅವರನ್ನು ಸ್ಟೋರಿಗೆ ಹಾಕಿದರು. ಈಗ ಬೀಗದ ಕೈ ಅವರ ಹತ್ತಿರವೇ ಇರುತ್ತದೆ, ಊಟವನ್ನೂ ಅಲ್ಲೇ ಮುಗಿಸುತ್ತಾರೆ.

ಮೊನ್ನೆ ಭಾನುವಾರ ಹೋಗಿದ್ದೆ. ಅಕ್ಕ ಅವರ ಭುಜಕ್ಕೆ ಬಿಸಿನೀರಿನ ಚೀಲ ಇಡುತ್ತಿದ್ದಳು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ಭಾವ, ಅಷ್ಟು ಜನರಲ್ಲಿ ಒಬ್ಬರಿಗಾದ್ರೂ ಗೊತ್ತಾಗ್ಬೇಕಿತ್ತು ಅಂತ ಅನ್ಸಲ್ವಾ?"

ಅವರಿಗೆ ಕೇಳಿಸಲಿಲ್ಲ. ಅಕ್ಕ ಅದನ್ನೇ ಕಿವಿಯ ಹತ್ತಿರ ಕೂಗಿ ಹೇಳಿದಳು.

"ಆ ಅಜ್ಜ ಬದುಕಿಕೊಂಡ್ರಂತೆ," ಅಂದರು. "ಎಂಜಿನಿಯರ್ ವಿಚಾರಿಸಿ ಹೇಳ್ದ." ಆಮೇಲೆ, "ಇನ್ನೂ ಸ್ವಲ್ಪ ಕೆಳಗೆ ಇಡೇ, ಅಲ್ಲೇ ನೋವು," ಅಂತ ಅಕ್ಕನಿಗೆ ಹೇಳಿ ಕಣ್ಣು ಮುಚ್ಚಿದರು. ಅಕ್ಕ ಚೀಲ ಸರಿಸುವಷ್ಟರಲ್ಲಿ ನಿದ್ದೆ ಹೋಗಿದ್ದರು.