ಜ್ಞಾನದೇವ ಸರ್ ತಂದ ಗ್ರೀಕ್ ದೇವರುಗಳು

ಜ್ಞಾನದೇವ ಸರ್ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಹದಿನಾಲ್ಕು ವರ್ಷ ಕೂತವಳು ನಾನು. ಅದಕ್ಕಾಗಿಯೇ ನನಗೆ ಯಾರಾದರೂ ಒಂದು ಶಾಲು ಹೊದಿಸಬೇಕಿತ್ತು. ಕಾಗವಾಡದ ಕಡೆ, ಕೃಷ್ಣಾ ದಂಡೆಯ ಕಬ್ಬಿನ ಊರೊಂದರ ಹೈಸ್ಕೂಲು. ನಾನು ರಾಜಮತಿ, ಗಣಿತದವಳು. ಅವರು ಸಮಾಜ ವಿಜ್ಞಾನ. ನನ್ನ ಲೆಕ್ಕಕ್ಕೆ ಉತ್ತರ ಬಂದರೆ ಕೆಲಸ ಮುಗಿಯಿತು. ಅವರ ಪ್ರಶ್ನೆ ಮಾತ್ರ ಮುಗಿಯುವುದೇ ಇಲ್ಲ. ಯಾರಾದರೂ ದೇವರ ಹೆಸರು ತೆಗೆದರೆ ಸಾಕು, ಕನ್ನಡಕ ಹಣೆಗೇರಿಸಿ, "ಅಂವಾ ಏನ್ ಕೆಲಸಾ ಮಾಡ್ತಾನ್ರಿ?" ಎಂದು ಕೇಳುತ್ತಿದ್ದರು.

ಅವರದು ಬೌದ್ಧರ ಮನೆ. ತಂದೆ ಕುಡಚಿ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್ ಆಗಿದ್ದು ಮಗನನ್ನು ಓದಿಸಿದವರು. ಮನೆಯಲ್ಲಿ ದೇವರ ಜಗಲಿ ಇಲ್ಲ, ಗೋಡೆಯ ಮೇಲೆ ಬುದ್ಧನ ಫೋಟೋ ಒಂದೇ. ಯಾವ ದೇವರಿಗೂ ಕೈಮುಗಿಯದ ಈ ಮನುಷ್ಯನಿಗೆ ಜಗತ್ತಿನ ಎಲ್ಲ ದೇವರ ಹುಟ್ಟು, ಮದುವೆ, ಜಗಳ ಬಾಯಿಪಾಠ. ಕೇಳಿದರೆ, "ನಂಬಾವ್ರು ಓದದಿದ್ರೂ ನಡೀತದ್ರಿ ಮೇಡಂ. ನಂಬದಾವ್ರು ಓದಾಕs ಬೇಕು" ಎನ್ನುತ್ತಿದ್ದರು.

೨೦೦೮ರಲ್ಲಿ ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ರಾಮನ ಪಾರ್ಟು ಯಾವ ಓಣಿಯ ಹುಡುಗನಿಗೆ ಎಂಬ ಜಗಳ ಹೆಡ್ ಮಾಸ್ತರರ ಮನೆಯವರೆಗೆ ಹೋಗಿತ್ತು. ಮುಂದಿನ ವರ್ಷ ಜ್ಞಾನದೇವ ಸರ್ ಗ್ರೀಕ್ ದೇವರುಗಳನ್ನು ತಂದರು. "ಇವ್ರಿಗೆ ಗುಡಿ ಇಲ್ಲ, ಪೂಜಾರಿ ಇಲ್ಲ, ಓಣಿ ಇಲ್ಲ. ಎಷ್ಟೋ ನೂರು ವರ್ಷದಿಂದ ಇವ್ರ ಮುಂದ ಯಾರೂ ದೀಪಾ ಹಚ್ಚಿಲ್ಲ. ಇವ್ರ ಸಲುವಾಗಿ ಯಾರ್ ಬಡದಾಡ್ತಾರ್ರಿ?"

ಬಡಿದಾಡಿದರು. ಸಿಡಿಲು ಹಿಡಿಯುವ ಜ್ಯೂಸ್ ಎಲ್ಲ ದೇವರ ಯಜಮಾನ ಎಂದು ತಿಳಿದ ಕೂಡಲೇ ಶಾಲಾ ಕಮಿಟಿಯ ರಾವಸಾಹೇಬರು ಆ ಪಾರ್ಟು ತಮ್ಮ ಮೊಮ್ಮಗನಿಗೇ ಎಂದರು. ಜ್ಯೂಸ್‌ನ ಹೊರಗಿನ ಸಂಬಂಧಗಳ ಕಥೆ ಗೊತ್ತಾದ ಮೇಲೆ ಅವರ ಮನೆಯವರು ಬಂದು ಹುಡುಗನನ್ನು ಕೈ ಹಿಡಿದು ಎಳೆದುಕೊಂಡು ಹೋದರು. ಸುದ್ದಿ ಒಯ್ಯುವ ಹರ್ಮಿಸ್ ಪಾರ್ಟು, ತರಗತಿಯಲ್ಲಿ ಮೊಬೈಲ್ ಇದ್ದ ಒಬ್ಬನೇ ಹುಡುಗನಿಗೆ ಹೋಯಿತು. ಸಮುದ್ರದ ಪೊಸೈಡನ್ ನೀರಿಗೆಲ್ಲ ಒಡೆಯ ಎಂದು ಯಾರೋ ಹೇಳಿದ್ದೇ ತಪ್ಪಾಯಿತು. ೨೦೦೫ರ ನೆರೆಯಲ್ಲಿ ಮನೆ ಕಳೆದುಕೊಂಡಿದ್ದ ಊರಿನ ರೈತ ರಾಜಾರಾಮ ರಿಹರ್ಸಲ್‌ಗೆ ಬಂದು, "ಸರ, ಮಹಾಪೂರ ಬಂದಾಗ ಇಂವಾ ಎಲ್ಲಿ ಹೋಗಿದ್ದ್ನ್ರಿ?" ಎಂದು ಪಟ್ಟು ಹಿಡಿದು ಕೂತ. ಸತ್ತವರ ಲೋಕದ ಹೇಡಿಸ್ ಪಾರ್ಟಿಗೆ ಮಗನನ್ನು ಕೊಡಲು ಒಬ್ಬ ತಾಯಿಯೂ ಒಪ್ಪಲಿಲ್ಲ. ಕೊನೆಗೆ ಸರ್ ತಮ್ಮ ಮಗ ಸುಮೇಧನಿಗೇ ಕರಿ ಕಂಬಳಿ ಹೊದಿಸಿದರು. ನನಗಂತೂ ಸಾಕುಸಾಕಾಗಿ ಹೋಗಿತ್ತು.

ಬೆಳೆಯ ದೇವತೆ ಡಿಮೀಟರ್ ಆದವಳು ಹತ್ತನೆಯ ತರಗತಿಯ ಸಪನಾ. ಜ್ಞಾನದೇವ ಸರ್ ಅವರ ಓಣಿಯ ಹುಡುಗಿ. ಅವಳ ತಾಯಿ ತಾರವ್ವ, ಊರಿನ ಹಿರಿಯಳು ದುಂಡವ್ವ ಆಯಿಯ ಹೊಲದಲ್ಲಿ ಕೂಲಿ ಮಾಡುವವಳು. ಸಪನಾ ಬಾಯಿ ತೆರೆದರೆ ಮೈಕು ಬೇಕಿರಲಿಲ್ಲ. ಆದರೆ ಊರಿಗೆ ಅವಳು 'ತಾರವ್ವನ ಹುಡುಗಿ' ಅಷ್ಟೇ. ಸರ್ ಹಟ ಇದ್ದದ್ದು ಅಲ್ಲೇ. "ಊರು ಒಂದು ಸಲಾ ಈ ಹುಡುಗೀನ್ನ ಸರಿಯಾಗಿ ನೋಡಬೇಕ್ರಿ ಮೇಡಂ. ಆಕಿ ಹೆಸರು ಹಿಡದು ಶಾಬಾಸ್ ಅನಬೇಕು."

ಡಿಮೀಟರಳ ತಲೆಗೆ ತೆನೆಯ ಸಿಂಬಿ ಸಾಕು ಎಂದು ಅವರು ಹೇಳಿದರೂ ಹುಡುಗರು ಕೇಳಲಿಲ್ಲ. ಹತ್ತಿರದ ಜುಗೂಳ ಊರಿನ ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳದಿಂದ ಥಳಥಳ ಹೊಳೆಯುವ ಕಿರೀಟ ತಂದರು. ನಮ್ಮ ಊರಲ್ಲಿ ಒಂದು ರೂಢಿ: ಆಟದ ಕಿರೀಟ ತಲೆಗೇರಿತೆಂದರೆ ಅದು ಇಳಿಯುವವರೆಗೆ ಆ ಮನುಷ್ಯನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅಷ್ಟು ಹೊತ್ತು ಅವನು ದೇವರೇ. ಇದು ಸರ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗ್ರೀಕ್ ದೇವರಿಗೆ ಅದು ಅನ್ವಯಿಸುವುದಿಲ್ಲ ಎಂದುಕೊಂಡಿದ್ದರು. ಓದಿದವರ ಬುದ್ಧಿ!

ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಭೂತಾಯಿಗೆ ಎಡೆ ಮಾಡಿ ಹೊಲಕ್ಕೆ ಚರಗ ಚೆಲ್ಲಿ ಬಂದ ಹೆಂಗಸರೆಲ್ಲ ಮುಂದಿನ ಸಾಲಲ್ಲೇ ಇದ್ದರು. ಒಬ್ಬೊಬ್ಬ ದೇವರೂ ಬಂದು ತನ್ನ ಹೆಸರು, ತನ್ನ ಕೆಲಸ ಹೇಳಿ ಹೋಗುತ್ತಿದ್ದ. ಸಪನಾ ಬಿಳಿ ಸೀರೆಯುಟ್ಟು ಬಂದಳು. "ನಾನು ಡಿಮೀಟರ್. ಭೂಮಿಯ ಬೆಳೆ ಕಾಯುವವಳು. ಪಾತಾಳದ ದೊರೆ ನನ್ನ ಮಗಳನ್ನು ಎತ್ತಿಕೊಂಡು ಹೋದ. ಅವಳು ಮರಳಿ ಬರುವವರೆಗೆ ಒಂದು ಕಾಳೂ ಮೊಳೆಯಗೊಡಲಿಲ್ಲ." ಹೆಂಗಸರ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಸರ್ ಪರದೆ ಹಿಂದೆ ನಿಂತು ಹಿಗ್ಗುತ್ತಿದ್ದರು.

ಆಟ ಮುಗಿದು ಮಕ್ಕಳಿನ್ನೂ ಸ್ಟೇಜಿನ ಮೇಲಿರುವಾಗಲೇ ದುಂಡವ್ವ ಆಯಿ ಮೆಟ್ಟಿಲು ಹತ್ತಿದಳು. ಅದ್ಯಾವಾಗ ಮನೆಗೆ ಓಡಿದ್ದಳೋ, ಕೈಯಲ್ಲಿ ತಾಟು, ತಾಟಿನಲ್ಲಿ ಅಕ್ಕಿ, ಕುಪ್ಪಸದ ಖಣ, ತೆಂಗಿನಕಾಯಿ, ಅರಿಸಿನ ಕುಂಕುಮ. ಸಪನಾಳ ಮುಂದೆ ನಿಂತು, "ಅವ್ವಾ, ಉಡಿ ಹಿಡಿ" ಎಂದಳು.

ಸರ್ ಹಾರಿ ಬಂದರು. "ಆಯೀ, ಇದು ನಾಟಕ ಐತ್ರಿ! ಈಕಿ ಸಪನಾ, ನಿಮ್ಮ ಹೊಲಕ್ಕ ಬರೂ ತಾರವ್ವನ ಮಗಳು."

"ಗೊತ್ತೈತೋ ಮಾಸ್ತರ, ನನಗೇನ್ ಕಣ್ಣಿಲ್ಲೇನು? ಕಿರೀಟ ತಗದ್ ಮ್ಯಾಲ ತಾರವ್ವನ ಮಗಳು. ಈಗಲ್ಲ."

"ಆ ದೇವಿ ನಮ್ಮಾಕಿ ಅಲ್ರಿ, ಪರದೇಶದಾಕಿ. ಅಲ್ಲೂ ಈಗ ಆಕಿಗೆ ಯಾರೂ ಪೂಜಾ ಮಾಡೂದಿಲ್ಲ!"

"ಅಯ್ಯ, ಪಾಪ!" ಆಯಿ ಗಲ್ಲದ ಮೇಲೆ ಕೈಯಿಟ್ಟಳು. "ಹಂಗಾರ ಉಡಿ ತುಂಬಿಸ್ಕೊಂಡು ಎಷ್ಟ್ ದಿನಾ ಆಗಿರಬೇಕು ಆಕಿ! ಬೆಳಿ ಕಾಯಾಕಿ ಅಂತ ಮೈಕಿನ್ಯಾಗ ನೀವs ಹೇಳಿದ್ರಿ. ಬರೇ ಉಡೀಲೆ ಹೆಂಗ್ ಕಳಸೂದು?"

ಜನ ನಕ್ಕರು. ಸರ್ ಮುಖ ಕೆಂಪಾಯಿತು. ನಾನು ಹತ್ತಿರ ಹೋಗಿ, "ಬಿಡ್ರಿ ಸರ, ಒಂದು ಸಂಜಿ ಹುಡುಗಿ ದೇವಿ ಆದ್ರ ಗಂಟೇನ್ ಹೋಗ್ತದ?" ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. "ಆಕಿನ್ನ ನೋಡ್ರಿ ಅಂದ್ರ ನೀವೆಲ್ಲಾ ಕಿರೀಟಾ ನೋಡಾಕತ್ತೀರಿ" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಸಪನಾ, ಅದನ್ನ ತಗಿ ಮಗಳ."

ಸಪನಾ ಸರ್ ಮುಖ ನೋಡಿದಳು, ಆಯಿಯ ಮುಖ ನೋಡಿದಳು. ಎರಡೂ ಕೈಯಿಂದ ಕಿರೀಟ ಎತ್ತಿ ಕುರ್ಚಿಯ ಮೇಲಿಟ್ಟಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಸೆರಗು ಒಡ್ಡಿ ಹೇಳಿದಳು: "ಈಗ ತುಂಬ್ರಿ, ಆಯಿ."

ಆಯಿಯ ಕೈ ತಾಟಿನಲ್ಲೇ ನಿಂತಿತು. ಕಿರೀಟವಿಲ್ಲದ ಈ ಹುಡುಗಿಯನ್ನು ಆಯಿ ತನ್ನ ಮನೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಆದರೆ ಒಡ್ಡಿದ ಉಡಿಯನ್ನು ಬರಿದಾಗಿ ಕಳಿಸಬಾರದು ಎಂಬುದನ್ನೂ ಅವಳ ಹಿರಿಯರು ಅವಳಿಗೆ ಕಲಿಸಿದ್ದರು. ಒಂದು ರೂಢಿ ಇನ್ನೊಂದರ ಕುತ್ತಿಗೆ ಹಿಡಿದಿತ್ತು. ಕೊನೆಗೆ ಆಯಿ ಅಕ್ಕಿ ಹಾಕಿದಳು, ಖಣ ಹಾಕಿದಳು, ಕಾಯಿ ಇಟ್ಟಳು. ಅಭ್ಯಾಸಬಲದಿಂದ ನಮಸ್ಕಾರಕ್ಕೆ ಬಾಗಿದ ಸೊಂಟ ಅರ್ಧಕ್ಕೇ ನಿಂತು ನೆಟ್ಟಗಾಯಿತು. ಯಾರ ಮುಖವನ್ನೂ ನೋಡದೆ ಇಳಿದು ಹೋದಳು. ಹಿಂದಿನ ಕಂಬದ ಹತ್ತಿರ ತಾರವ್ವ ನಿಂತಿದ್ದಳು, ಎಲ್ಲ ನೋಡುತ್ತ.

ಗೆದ್ದೆವು ಎಂದು ಸರ್ ಅಂದುಕೊಂಡರು, ನಾನೂ ಅಂದುಕೊಂಡೆ. ಮರುದಿನ ಮಧ್ಯಾಹ್ನ ಸಪನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

"ಸರ, ಆಯಿ ಇವತ್ತೂ ಅವ್ವಗ ಆ ಬ್ಯಾರೆ ಕಪ್ಪಿನ್ಯಾಗs ಚಾ ಕೊಟ್ಟಾಳ್ರಿ. ದನದ ಕೊಟಗ್ಯಾಗ ಇಟ್ಟಿರ್ತಾರಲ್ರಿ, ಅದು."

ಸರ್ ಕೈಯಲ್ಲಿದ್ದ ಪುಸ್ತಕ ಟೇಬಲ್ಲಿಗೆ ಕುಕ್ಕಿದರು. "ಈ ಊರಿಗೆ ಪಾಠಾ ಹೇಳೂದಕ್ಕಿಂತ ಎಮ್ಮಿಗೆ ಹೇಳೂದು ವಾಸಿ! ಏನ್ ಮಾಡಿದ್ರೂ ಇಷ್ಟs!"

"ಪೂರಾ ಕೇಳ್ರಿ ಸರ. ಅವ್ವ ಕುಡೀಲಿಲ್ಲ. ಚಾ ಚೆಲ್ಲಿ, ಕಪ್ಪು ತೊಳದು, ಆಯಿ ಕೈಯಾಗs ಕೊಟ್ಟಾಳ. 'ನಿನ್ನಿ ನನ್ನ ಮಗಳ ಉಡಿ ತುಂಬೀರಿ. ಇನ್ನ ಮ್ಯಾಲ ಇದು ನನಗ ಬ್ಯಾಡ್ರಿ' ಅಂದು ಮನಿಗೆ ಬಂದಾಳ. ನಾಳಿಗೆ ಕೆಲಸಕ್ಕ ಕರೀತಾರೋ ಇಲ್ಲೋ ಗೊತ್ತಿಲ್ರಿ. ಆ ಕಾಯಿ ಒಡದು ಕರಚಿಕಾಯಿ ಮಾಡಾಕತ್ತಾಳ. ನಿಮ್ಮಿಬ್ಬರ್ನೂ ಕರಕೊಂಡ್ ಬಾ ಅಂದಾಳ್ರಿ."

ಸರ್ ಎದ್ದು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ನಿಂತು ತಿರುಗಿ, "ಮೇಡಂ, ನೀವೂ ಬರ್ತೀರೇನ್ರಿ?" ಎಂದರು.

ಹೋದೆ, ತಾರವ್ವನ ಕೈಯಿಂದಲೇ ತಿಂದೆ. ಶಾಲೆಯಿಂದ ಆ ಓಣಿಗೆ ಐದು ನಿಮಿಷದ ದಾರಿ. ನಾನು ಆ ಊರಿಗೆ ಬಂದು ಆಗ ಹನ್ನೊಂದು ವರ್ಷವಾಗಿತ್ತು, ಅಲ್ಲಿ ಕಾಲಿಟ್ಟದ್ದು ಅದೇ ಮೊದಲು.